ಹಕಾರ ನುಂಗಿದವಳು

ಈ ಪುಸ್ತಕದಲ್ಲಿರುವ ನಲವತ್ತಮೂರು ಬರಹಗಳಲ್ಲಿ ನಲವತ್ತೆರಡು ನನ್ನವಲ್ಲ. ಉಳಿದ ಒಂದರ ಮಾತನ್ನು ಕೊನೆಗೆ ಹೇಳುತ್ತೇನೆ.

ಮುನ್ನುಡಿ ಬರೆದುಕೊಡಿ ಎಂದು ಪತ್ರಿಕೆಯವರು ಮೂರು ವಾರದಿಂದ ಫೋನ್ ಮಾಡುತ್ತಿದ್ದಾರೆ. ಎರಡು ಪುಟ ಸಾಕಂತೆ — ಓದಿನ ಹುಚ್ಚು ಹೇಗೆ ಹಿಡಿಯಿತು, ಅಂಕಣ ಹೇಗೆ ಶುರುವಾಯಿತು, ಯಾರ್ಯಾರು ಬೆನ್ನು ತಟ್ಟಿದರು, ಇಷ್ಟು. ಬರೆಯಲು ಕುಳಿತು ನಾಲ್ಕು ಸಲ ಹರಿದು ಹಾಕಿದೆ. ಹರಿದು — ಈ ಪದ ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ನನ್ನ ಹೆಸರು ಗಿರಿಜಾ. ಚಿಕ್ಕನಾಯಕನಹಳ್ಳಿಯಲ್ಲಿ ಕೆಲವು ಹಿರಿಯರು ಸೇರಿ ನಡೆಸುತ್ತಿದ್ದ ಒಂದು ಸಣ್ಣ ವಾಚನಾಲಯವನ್ನು ಇಪ್ಪತ್ತಾರು ವರ್ಷ ನೋಡಿಕೊಂಡವಳು. ತಿಪಟೂರು, ತುರುವೇಕೆರೆ ಕಡೆಯ ಓದುಗರಿಗೆ ನಾನು ‘ಓದಿ ಮುಗಿಸಿದ್ದು’ ಅಂಕಣದ ಗಿರಿಜಾ ಮೇಡಂ. ಹದಿನೈದು ದಿನಕ್ಕೆ ಒಂದು ಪುಸ್ತಕ, ಅದನ್ನು ಕೆಳಗಿಟ್ಟ ಮೇಲೆ ಮನಸ್ಸಿಗೆ ಅನ್ನಿಸಿದ ಮಾತು — ಹೆಚ್ಚುಕಡಿಮೆ ಎರಡು ವರ್ಷ ಬಂತು. ಪತ್ತೇದಾರಿಯಿಂದ ಪದ್ಯದವರೆಗೆ ಯಾವುದನ್ನೂ ಬಿಡದೆ ಓದುವ ಹೆಂಗಸು ಎಂದು ಹೆಸರಾಯಿತು. ಆ ಎರಡು ವರ್ಷದಲ್ಲಿ ನಾನು ಒಂದೇ ಒಂದು ಪುಸ್ತಕವನ್ನೂ ಓದಿ ಮುಗಿಸಿರಲಿಲ್ಲ.

ಓದು ನನ್ನ ಕೈಬಿಟ್ಟು ಬಹಳ ಕಾಲವಾಗಿತ್ತು. ಪುಸ್ತಕಕ್ಕೆ ರಟ್ಟು ಹಾಕುವುದು, ಬೆನ್ನಿಗೆ ನಂಬರು ಬರೆಯುವುದು, ಹುಳು ಹಿಡಿಯದಂತೆ ಬೇವಿನ ಸೊಪ್ಪು ಇಡುವುದು, ಇವೆಲ್ಲ ಅಚ್ಚುಕಟ್ಟಾಗಿ ಬರುತ್ತಿತ್ತು. ಓದಲು ಕುಳಿತರೆ ಹತ್ತನೆಯ ಪುಟಕ್ಕೆ ಮನಸ್ಸು ಎದ್ದು ಹೋಗುತ್ತಿತ್ತು. ತುರುವೇಕೆರೆ ಹತ್ತಿರದ ನನ್ನ ತವರಿನಲ್ಲಿ ಅಪ್ಪ ಅಟ್ಟದ ಮೇಲಿನ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ನಾನು ಪುಸ್ತಕವನ್ನೂ ಹಾಗೇ ಅಲ್ಲಾಡಿಸಿ ನೋಡುತ್ತಿದ್ದೆ. ಹಿಂಬದಿಯ ರಟ್ಟಿನ ನಾಲ್ಕು ಸಾಲು, ಮೊದಲ ಎರಡು ಪುಟ, ನಡುವೆ ಎಲ್ಲಾದರೂ ಒಂದು ಪುಟ. ಕೌಂಟರಿನ ಆಚೆ ನಿಂತು ಕೇಳುವವರಿಗೆ ಉತ್ತರ ಕೊಡಲು ಅಷ್ಟು ಸಾಕಾಗುತ್ತಿತ್ತು.

ಓದುತ್ತಿದ್ದವಳು ಮೆಹರುನ್ನಿಸಾ.

ಕಂದಿಕೆರೆ ರಸ್ತೆಯಲ್ಲಿ ಅವಳ ಅಣ್ಣ ಇಮ್ತಿಯಾಜ್‌ನ ಮೋಟಾರ್ ರಿಪೇರಿ ಅಂಗಡಿ ಇತ್ತು. ತೋಟದವರು ಸುಟ್ಟುಹೋದ ಬೋರ್ ಮೋಟಾರ್ ಹೊತ್ತು ತರುವ ಅಂಗಡಿ. ಅದರ ಪಕ್ಕದ ಒಂದೇ ಕೋಣೆಯಲ್ಲಿ ಮೆಹರು ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಆಗ ಅವಳಿಗೆ ಮೂವತ್ತರ ಆಸುಪಾಸು. ಬೀರೂರಿಗೆ ಕೊಟ್ಟಿದ್ದರು. ಗಂಡನ ಮನೆ ಬಿಟ್ಟು ಅಣ್ಣನ ಮನೆಗೆ ಬಂದವಳು ಎಂಬುದು ಊರಿಗೆಲ್ಲ ಗೊತ್ತಿತ್ತು, ಯಾಕೆ ಬಂದಳು ಎಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ. ವಾರಕ್ಕೆ ಎರಡು ಸಲ ವಾಚನಾಲಯಕ್ಕೆ ಬರುತ್ತಿದ್ದಳು. ಕಪಾಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುತ್ತಿದ್ದಳು. ಇದು ಚೆನ್ನಾಗಿದೆಯಾ ಎಂದು ಎಂದೂ ಕೇಳಿದವಳಲ್ಲ.

ಅವಳು ವಾಪಸ್ ಕೊಟ್ಟ ಪುಸ್ತಕಗಳಲ್ಲಿ ಚೀಟಿ ಇರುತ್ತಿತ್ತು. ಹೊಲಿಗೆಯವರು ಅಳತೆ ಬರೆದುಕೊಳ್ಳುತ್ತಾರಲ್ಲ, ಅಂಥದು. ಒಂದು ಕಡೆ ಯಾರದೋ ಎದೆ, ಸೊಂಟ, ತೋಳಿನ ಲೆಕ್ಕ. ಹಿಂಬದಿಯಲ್ಲಿ ಆ ಪುಸ್ತಕದ ಬಗ್ಗೆ ನಾಲ್ಕೈದು ಸಾಲು. ಗುರುತಿಗೆ ಇಟ್ಟು ಮರೆತದ್ದು ಎಂದು ಮೊದಮೊದಲು ಅಂದುಕೊಂಡೆ. ಮರೆತದ್ದಲ್ಲ. ನನಗೆಂದೇ ಇಟ್ಟದ್ದು — ಇದು ಎಷ್ಟನೆಯ ಚೀಟಿಗೆ ನನಗೆ ಖಚಿತವಾಯಿತು ಎಂದು ಈಗ ಹೇಳಲಾರೆ. ಖಚಿತವಾದ ಮೇಲೂ ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ.

ಅಂಕಣ ಶುರುವಾಗುವ ಹೊತ್ತಿಗೆ ಅಂಥ ಚೀಟಿಗಳು ಹತ್ತಿಪ್ಪತ್ತು ಸೇರಿದ್ದವು. ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮೇಜಿನ ಖಾನೆಯಲ್ಲಿಟ್ಟಿದ್ದೆ. ಪತ್ರಿಕೆಯವರು ಕೇಳಿದಾಗ ದೊಡ್ಡಸ್ತಿಕೆಗೆ ಒಪ್ಪಿಕೊಂಡಿದ್ದೆ, ಕಳಿಸಬೇಕಾದ ದಿನ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಡಬ್ಬಿ ತೆಗೆದೆ. ಮೇಲೇ ಇದ್ದ ಚೀಟಿ ಒಂದು ಪತ್ತೇದಾರಿ ಕಾದಂಬರಿಯದು. “ಕೊಂದವನು ಯಾರು ಅಂತ ನಲವತ್ತನೇ ಪುಟದಲ್ಲೇ ಗೊತ್ತಾಯಿತು. ಅವನ ಅಂಗಿಗೆ ಒಂದು ಪುಟದಲ್ಲಿ ಆರು ಗುಂಡಿ, ಇನ್ನೊಂದು ಪುಟದಲ್ಲಿ ಐದು. ಬರೆದವರು ಇದನ್ನು ಬೇಕೆಂದೇ ಮಾಡಿದರು ಅಂತ ಖುಷಿಪಟ್ಟೆ. ಕೊನೆಗೆ ನೋಡಿದರೆ ಕೊಂದವನು ಬೇರೆ, ಗುಂಡಿ ಬರೀ ಮರೆವು. ಇವರು ಎಂದೂ ಅಂಗಿ ಹೊಲಿಸಿಲ್ಲ.” ಇದನ್ನು ಹಿಗ್ಗಿಸಿ ಮುನ್ನೂರು ಪದ ಮಾಡಿದೆ, ಕೆಳಗೆ ನನ್ನ ಹೆಸರು ಹಾಕಿದೆ. ಒಂದು ಸಲಕ್ಕೆ ತಾನೇ ಎಂದು ಸಮಾಧಾನ ಹೇಳಿಕೊಂಡೆ.

ಆ ವಾರ ವಾಚನಾಲಯಕ್ಕೆ ಬಂದವರೆಲ್ಲ ಗುಂಡಿಯ ಮಾತಾಡಿದರು. ದಿನಾ ಬೆಳಿಗ್ಗೆ ಪೇಪರ್ ಓದಲು ಬರುತ್ತಿದ್ದ ನಿವೃತ್ತ ಹೆಡ್ಮಾಸ್ಟರು, “ಇಷ್ಟ್ ವರ್ಷ ಈ ಬುದ್ಧೀನ ಎಲ್ಲಿ ಬಚ್ಚಿಟ್ಕಂಡಿದ್ರಮ್ಮ?” ಅಂದರು. ನಾನು ನಕ್ಕೆ. ಆ ನಗು — ಏನು ಹೇಳಲಿ, ಚೆನ್ನಾಗಿಯೇ ಇತ್ತು. ಹೊಗಳಿಕೆ ಹೊಟ್ಟೆಗೆ ಇಳಿದ ಮೇಲೆ ಅದು ಯಾರ ಮನೆಯ ಅನ್ನ ಎಂದು ಯಾರು ಕೇಳುತ್ತಾರೆ. ಮುಂದಿನ ಸಲಕ್ಕೆ ಇನ್ನೊಂದು ಚೀಟಿ ತೆಗೆದೆ.

ನೀವು ಈ ಪುಸ್ತಕದಲ್ಲಿ ಮುಂದೆ ಓದಲಿರುವುದು ಅವಳ ಮಾತು. ಹಿಮಾಲಯ ಸುತ್ತಿ ಬಂದ ದೊಡ್ಡ ಮನುಷ್ಯರೊಬ್ಬರ ಪ್ರವಾಸಕಥನಕ್ಕೆ ಅವಳು ಬರೆದದ್ದು: “ಮೂರು ತಿಂಗಳು ಇವರ ಬಟ್ಟೆ ಒಗೆದದ್ದು ಯಾರು ಅಂತ ಎಲ್ಲೂ ಬರೆದಿಲ್ಲ.” ಯಶಸ್ಸಿನ ಗುಟ್ಟು ಹೇಳುವ ಪುಸ್ತಕಕ್ಕೆ: “ಬೆಳಿಗ್ಗೆ ಐದಕ್ಕೆ ಎದ್ದವರೆಲ್ಲ ಮುಂದೆ ಬರುತ್ತಾರಂತೆ. ನಮ್ಮ ಬೀದಿ ಹೆಂಗಸರು ನಾಲ್ಕೂವರೆಗೇ ಏಳುತ್ತಾರೆ, ಮುಂದೆ ಬಂದದ್ದನ್ನು ನಾನು ನೋಡಿಲ್ಲ.” ಒಂದು ಕವನ ಸಂಕಲನಕ್ಕೆ: “ಹದಿನೆಂಟು ಪದ್ಯದಲ್ಲಿ ಚಂದ್ರ ಇದ್ದಾನೆ. ಒಂದರಲ್ಲಿ ಮಾತ್ರ ಬೆಳಕಿದೆ. ಅದನ್ನು ನಕಲು ಮಾಡಿಕೊಂಡೆ.” ದೆವ್ವದ ಕಥೆಗಳಿಗೆ: “ದೆವ್ವಕ್ಕೆ ಹೆದರಲಿಲ್ಲ. ಆ ಮನೆ ಕೋಣೆಗೆ ಒಳಗಿನಿಂದ ಚಿಲಕ ಇರಲಿಲ್ಲ ಅಂತ ಬರೆದಿದ್ದಾರಲ್ಲ, ಅದಕ್ಕೆ ಹೆದರಿದೆ.”

ಈ ಕೊನೆಯದನ್ನು ಓದಿದಾಗಲಾದರೂ ನಾನು ನಿಲ್ಲಬೇಕಿತ್ತು. ಒಬ್ಬಳು ಹೆಂಗಸು ತನ್ನ ಚಿಲಕದ ಮಾತನ್ನು ಮಡಚಿ ನನ್ನ ಕೈಗೆ ಕೊಡುತ್ತಿದ್ದಾಳೆ ಎಂದು — ಗೊತ್ತಾಯಿತು, ಸುಳ್ಳು ಹೇಳುವುದಿಲ್ಲ. ಗೊತ್ತಾಗಿಯೂ ಅದನ್ನು ಅಂಕಣಕ್ಕೆ ಹಾಕಿದೆ. ಬಹಳ ಜನ ಮೆಚ್ಚಿದರು.

ಅವಳು ಅಂಕಣ ನೋಡುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನೋಡುತ್ತಿದ್ದಳು. ಅಣ್ಣನ ಅಂಗಡಿಗೆ ಪತ್ರಿಕೆ ಬರುತ್ತಿತ್ತು. ಮೊದಲನೆಯದು ಅಚ್ಚಾದ ವಾರ ಪುಸ್ತಕ ಕೊಡಲು ಬಂದವಳು ಕೌಂಟರಿನ ಹತ್ತಿರ ನಿಂತು ಮೆಲ್ಲಗೆ ಕೇಳಿದಳು. “ಮೇಡಂ, ಪೇಪರ್ನಾಗೆ ಗುಂಡಿ ಮಾತು ಓದ್ದೆ. ನಿಮ್ಗೂ ಹಂಗೇ ಅನ್ಸಿತ್ತಾ?”

ಆ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆನೋ ಏನೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ನಾನು ಸೆರಗು ಸರಿಮಾಡಿಕೊಂಡು, “ಹೂಂ ಕಣಮ್ಮ, ನಂಗೂ ಹಂಗೇ ಅನ್ಸಿತ್ತು” ಅಂದೆ. ಅವಳ ಮುಖ ಅರಳಿತು. ತಾನು ಓದಿದ್ದನ್ನು ಇನ್ನೊಬ್ಬರು ತನ್ನಂತೆಯೇ ಓದಿದ್ದಾರೆ ಎಂಬ ಸಂತೋಷ ಅದು. ಮಾತು ಕದ್ದಿದ್ದೇನೆಂದು ಅವಳಿಗೆ ಹೊಳೆಯಲೇ ಇಲ್ಲ. ಅಥವಾ ಹೊಳೆದಿತ್ತು, ಅದಕ್ಕಿಂತ ಜೊತೆ ಸಿಕ್ಕಿದ್ದು ದೊಡ್ಡದು ಅನ್ನಿಸಿತ್ತು. ಅವಳ ಲೆಕ್ಕದಲ್ಲಿ ಆ ಎರಡು ವರ್ಷ ನಾವಿಬ್ಬರೂ ಒಟ್ಟಿಗೆ ಓದಿದೆವು.

ಈಗ ನಲವತ್ತಮೂರನೆಯದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನನ್ನ ನಾಲಿಗೆಯ ಮಾತು ಒಂದಿಷ್ಟು ಹೇಳಬೇಕು.

ನಮ್ಮ ಮನೆಯಲ್ಲಿ ಹಕಾರ ಇಲ್ಲ. ಅವ್ವನಿಗೆ ಹಾಲು ‘ಆಲು’, ಹಳ್ಳಿ ‘ಅಳ್ಳಿ’. ಪೇಟೆಯವರ ಮುಂದೆ ತಿದ್ದಿಕೊಳ್ಳಲು ಹೋಗಿ ಅಕ್ಕಿಯನ್ನು ‘ಹಕ್ಕಿ’ ಮಾಡುತ್ತಿದ್ದಳು. ತುಮಕೂರಿನ ಕಾಲೇಜಿನಲ್ಲಿ ಮೊದಲ ವರ್ಷ ಪದ್ಯ ಓದಲು ಎದ್ದು ನಿಂತವಳು ನಾನು ಹಸಿರನ್ನು ‘ಅಸಿರು’ ಎಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಎಲ್ಲರೆದುರು ಹತ್ತು ಸಲ ಹೇಳಿಸಿದರು. ಆವತ್ತಿನಿಂದ ನನ್ನ ಬಾಯಿಗೆ ನಾನೇ ಕಾವಲು. ಇನ್ನೊಬ್ಬರ ಅಕಾರ ಹಕಾರ ತಿದ್ದುವುದು ನನಗೆ ಚಟವಾಯಿತು. ಯಾರಾದರೂ ತಪ್ಪಿದರೆ ಒಳಗೊಳಗೇ ಒಂದು ಬಗೆಯ ಖುಷಿ.

ಆ ನಲವತ್ತಮೂರನೆಯ ಚೀಟಿ ಇದ್ದ ಕಾದಂಬರಿಯಲ್ಲಿ ಒಬ್ಬ ಹೆಂಗಸು ಗಂಡನ ಮನೆ ಬಿಟ್ಟು ಬೇರೊಂದು ಊರಿಗೆ ಹೋಗಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಅಷ್ಟು ರಟ್ಟಿನ ಮೇಲೆ ಬರೆದಿತ್ತು. ಮೆಹರು ಅದನ್ನು ತಿಂಗಳ ಮೇಲೆ ಇಟ್ಟುಕೊಂಡಿದ್ದಳು. ಅವಳ ಪಾಲಿಗೆ ಅದು ಹೆಚ್ಚು. ವಾಪಸ್ ಬಂದಾಗ ಚೀಟಿ ಮೂರೇ ಸಾಲು. “ಕೊನೆ ಪುಟ ಹರಿದೆ. ಅವಳು ವಾಪಸ್ ಹೋಗಿದ್ದು ಯಾಕೆ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಈಗ ಸಮಾಧಾನ.”

ಹರಿದೆ. ನಾನು ನಕ್ಕೆ. ಪಾಪ, ಹಕಾರ ತಪ್ಪಿದ್ದಾಳೆ, ‘ಅರಿದೆ’ ಎನ್ನಬೇಕಿತ್ತು, ಅರಿತೆ ಎನ್ನುವುದಕ್ಕೆ ಎಂಥ ಹಳೆಯ ರೂಪ ಇವಳ ಕೈಯಲ್ಲಿ, ಎಂದುಕೊಂಡೆ. ಅಂಕಣ ಆವತ್ತೇ ಕಳಿಸಬೇಕಿತ್ತು. ‘ಕೊನೆಯ ಪುಟವನ್ನು ಅರಿದೆ’ ಎಂದು ಶುರು ಮಾಡಿದೆ. ಮೂರು ಸಾಲು ಮುನ್ನೂರು ಪದಕ್ಕೆ ಸಾಲದು, ಉಳಿದದ್ದನ್ನು ನಾನೇ ತುಂಬಿಸಿದೆ. ಬಿಟ್ಟು ಬಂದ ಬಾಗಿಲಿಗೆ ತಾನೇ ಮರಳಿ ಹೋಗಿ ನಿಲ್ಲುವುದು ಸೋಲಲ್ಲ, ಅದು ತಿಳಿವು. ಗಿರಣಿ ನಡೆಸಿದ ಕೈಗೆ ಒಲೆ ಉರಿಸುವುದು ಕೀಳಲ್ಲ. ಹೆಣ್ಣಿನ ಹಟಕ್ಕಿಂತ ಹೆಣ್ಣಿನ ತಾಳ್ಮೆ ದೊಡ್ಡದು — ಇಂಥವು, ಬರೆಯಲು ಕಷ್ಟವೇ ಇಲ್ಲದ ಮಾತುಗಳು.

ಆ ಪುಸ್ತಕ ನನ್ನ ಮೊಳಕೈ ಪಕ್ಕದಲ್ಲೇ ಇತ್ತು. ಒಂದು ಸಲ ತೆರೆದು ಕೊನೆಯ ಪುಟ ತಿರುಗಿಸಿದ್ದರೆ ಸಾಕಿತ್ತು. ಕೊನೆಯ ಪುಟ ಅಲ್ಲಿರಲಿಲ್ಲ.

ಪತ್ರಿಕೆ ಬಂದದ್ದು ಗುರುವಾರ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಬಾಗಿಲು ತೆರೆದು ಸ್ವಲ್ಪ ಹೊತ್ತಾಗಿತ್ತು, ಮೆಹರು ಬಂದಳು. ಜೊತೆಗೆ ಇಮ್ತಿಯಾಜ್. ಅವನು ವಾಚನಾಲಯದ ಒಳಗೆ ಬಂದದ್ದು ಅದೇ ಮೊದಲು. ಕೈಯಲ್ಲಿ ಮೋಟಾರಿನ ಗ್ರೀಸು, ಕಂಕುಳಲ್ಲಿ ಮಡಚಿದ ಪತ್ರಿಕೆ. ಮೇಜಿನ ಆ ಕೊನೆಯಲ್ಲಿ ಹೆಡ್ಮಾಸ್ಟರು ಮತ್ತವರ ಗೆಳೆಯರೊಬ್ಬರು ಪೇಪರ್ ಓದುತ್ತಿದ್ದರು.

ಇಮ್ತಿಯಾಜ್ ಚಪ್ಪಲಿ ಬಿಟ್ಟು, ಕೈ ಮುಗಿದು, ನಿಂತೇ ಮಾತಾಡಿದ. “ಮೇಡಂ, ನಾಳೆ ಬೀರೂರಿಂದ ಅವ್ರ ಕಡೆಯೋರು ಬತ್ತಾವ್ರೆ, ಕರ್ಕಂಡು ಹೋಗಾಕೆ. ಇವ್ಳು ಒಲ್ಲೆ ಅಂತಾಳೆ. ನಾನೇನು ತಂಗೀನ ಹೊರ್ಗ್ ಹಾಕೋನಲ್ಲ. ಆದ್ರೆ ನಾಲ್ಕ್ ಜನ ಕೇಳ್ತಾರೆ, ನಂಗೂ ತಿಳೀತಿಲ್ಲ. ಇದ್ರಾಗೆ ನೋಡುದ್ರೆ ನೀವೇ ಹೋಗೋದು ಸರಿ ಅಂತ ಬರ್ದಿದ್ದೀರಾ, ಇದೇ ಪುಸ್ತಕ ಓದಿ. ಇವ್ಳು ಅದು ನನ್ ಮಾತು, ಉಲ್ಟಾ ಬಂದೈತೆ, ಮೇಡಮ್ಮುನ್ನೇ ಕೇಳು ಬಾ ಅಂದ್ಲು. ನೀವೊಂದ್ ಮಾತು ಹೇಳ್ಬುಡಿ. ನೀವು ಹೆಂಗೇಳ್ತೀರೋ ಹಂಗೆ.”

ಇಷ್ಟು ಸರಳವಾಗಿ ಒಬ್ಬ ಮನುಷ್ಯ ಒಂದು ಬದುಕನ್ನು ನನ್ನ ಕೌಂಟರಿನ ಮೇಲಿಟ್ಟ. ನಾನು ‘ಹೋಗೋದು ಬೇಡ’ ಎಂದಿದ್ದರೆ ಅವನು ಪತ್ರಿಕೆ ಮಡಚಿಕೊಂಡು ಹೋಗಿಬಿಡುತ್ತಿದ್ದ. ಅದರಲ್ಲಿ ನನಗೆ ಆವತ್ತೂ ಅನುಮಾನವಿರಲಿಲ್ಲ.

ಮೆಹರು ನನ್ನನ್ನೇ ನೋಡುತ್ತಿದ್ದಳು. “ಮೇಡಂ, ನಾನು ಬರ್ದಿದ್ದು ಹರಿದೆ ಅಂತ. ಹರಿದೆ, ಕೈಯಾಗೆ. ಅರಿದೆ ಅಂತಲ್ಲ. ಚೀಟಿ ನಿಮ್ಮತ್ರಾನೇ ಐತೆ, ಅಣ್ಣಂಗೆ ತೋರ್ಸಿ.” ಆಮೇಲೆ, ನನಗೆ ನೋವಾಗಬಾರದೆಂಬಂತೆ ಸೇರಿಸಿದಳು. “ನಮ್ ಮನೆ ಮಾತ್ನಾಗೆ ಹ ತಪ್ಪಿದ್ರೆ ಮಾತೇ ಕೆಡುತ್ತೆ ಮೇಡಂ. ನಾನು ಹ ತಪ್ಪಲ್ಲ.”

ನಿಜವಲ್ಲವೇ. ಉರ್ದು ಮಾತಾಡುವ ಮನೆಯ ಹುಡುಗಿ. ಹುಟ್ಟಿದಾಗಿನಿಂದ ಹಕಾರವನ್ನು ಎದೆಯಿಂದ ಆಡಿದವಳು. ಹಕಾರ ನುಂಗುವವರು ನಾವು, ತೋಟದ ಕಡೆಯವರು. ನನ್ನ ತಪ್ಪನ್ನು ನಾನು ಅವಳ ಬಾಯಿಗೆ ಹಾಕಿ ತಿದ್ದಿದ್ದೆ.

ಡಬ್ಬಿ ನನ್ನ ಮೊಣಕಾಲಿಗೆ ತಾಗುವ ಖಾನೆಯಲ್ಲಿತ್ತು. ಬೀಗದ ಕೈ ಸೊಂಟದಲ್ಲಿತ್ತು. ತೆಗೆದರೆ ಒಂದು ಚೀಟಿ ಬರುವುದಿಲ್ಲ, ನಲವತ್ತಮೂರೂ ಬರುತ್ತವೆ. ಗುಂಡಿ, ಚಂದ್ರ, ಚಿಲಕ, ಎಲ್ಲ. ಅಷ್ಟರಲ್ಲಿ ಹೆಡ್ಮಾಸ್ಟರು ಪೇಪರ್ ಕೆಳಗಿಳಿಸಿ ಕನ್ನಡಕದ ಮೇಲಿಂದ ನೋಡಿದರು. ನಾನು ಅವರ ಕಡೆ ನೋಡಿದೆ, ಮೆಹರು ಕಡೆ ಅಲ್ಲ. ಆಮೇಲೆ ಹೇಳಿದೆ.

“ಯಾವ ಚೀಟಿ?”

ಎರಡೇ ಪದ. ಬಾಯಿ ತಡವರಿಸಲಿಲ್ಲ.

ಮೆಹರು ಬಟ್ಟೆಯ ಚೀಲಕ್ಕೆ ಕೈ ಹಾಕಿ ಒಂದು ಹಾಳೆ ತೆಗೆದು ಕೌಂಟರಿನ ಮೇಲೆ ಬಿಡಿಸಿಟ್ಟಳು. ಆ ಕಾದಂಬರಿಯ ಕೊನೆಯ ಪುಟ. ಅಂಚು ನೀಟಾಗಿತ್ತು. ಸ್ಕೇಲು ಇಟ್ಟು ಹರಿದಿದ್ದಳು. “ಇದು ಐತಲ್ಲ ಮೇಡಂ. ಚೀಟಿ ಇಲ್ದಿದ್ರೆ ಹೋಗ್ಲಿ. ನೀವು ಓದ್ದಾಗ ಈ ಪುಟ ಇತ್ತಾ?”

ಇಮ್ತಿಯಾಜ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವನಿಗೆ ಕಂಡದ್ದು ಹರಿದ ಪುಸ್ತಕ ಮಾತ್ರ. “ಲೈಬ್ರರಿ ಪುಸ್ತಕ ಹರೀತಾರೇನೇ?” ಎಂದು ತಂಗಿಯನ್ನು ಗದರಿ, ನಾಚಿಕೆಯಿಂದ ನನ್ನ ಕಡೆ ತಿರುಗಿದ. “ತಪ್ಪಲ್ವ ಮೇಡಂ ಇದು?”

ಅವನು ಎಸೆದ ಹಗ್ಗವನ್ನು ನಾನು ಹಿಡಿದುಕೊಂಡೆ. ಹದಿನೇಳು ವರ್ಷ ವಾಚನಾಲಯ ನೋಡಿಕೊಂಡವಳ ಗತ್ತಿನಲ್ಲಿ ಹೇಳಲು ಹೋದೆ, ಪುಸ್ತಕ ಹರಿಯುವುದು ತಪ್ಪು ಎಂದು. ಆದರೆ ಹೆದರಿದ ಬಾಯಿ ಕಾವಲು ತಪ್ಪಿತು. ಅವ್ವನ ನಾಲಿಗೆ ಹೊರಗೆ ಬಂತು.

“ಪುಸ್ತಕ ಅರಿಯೋದು ತಪ್ಪು ಕಣಮ್ಮ.”

ಹೆಡ್ಮಾಸ್ಟರಿಗೆ ಕೇಳಿಸಲಿಲ್ಲ, ಅಥವಾ ಅವರಿಗೂ ಅದು ಮನೆಯ ಮಾತೇ. ಇಮ್ತಿಯಾಜ್ ಗಮನಿಸಲಿಲ್ಲ. ಮೆಹರು ಗಮನಿಸಿದಳು. ಅವಳ ತುಟಿಯ ಕೊನೆ ಸ್ವಲ್ಪ ಅಲುಗಿತು. ನಗುವೋ, ಮತ್ತೇನೋ. ಎಲ್ಲ ಗೊತ್ತಾಯಿತು ಅವಳಿಗೆ — ತಿದ್ದಿದ್ದು ಯಾರು, ಓದದೆ ಬರೆದದ್ದು ಯಾರು, ಎರಡು ವರ್ಷದಿಂದ ತನ್ನ ಜೊತೆ ಯಾರೂ ಓದುತ್ತಿರಲಿಲ್ಲ ಎಂಬುದು. ತನ್ನ ಎರಡು ಲೈಬ್ರರಿ ಕಾರ್ಡನ್ನೂ ತೆಗೆದು ಆ ಪುಟದ ಮೇಲಿಟ್ಟಳು.

“ಹೋಗ್ಲಿ ಬುಡಿ ಮೇಡಂ,” ಅಂದಳು. ಅಣ್ಣನಿಗೆ, “ನಡಿ” ಅಂದಳು.

ಅವರು ಮೆಟ್ಟಿಲಿಳಿದು ರಸ್ತೆ ದಾಟುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಕೂಗಿ ಕರೆಯಬಹುದಿತ್ತು. ಇನ್ನೂ ಶನಿವಾರ ಇಡೀ ದಿನ ಇತ್ತು, ಅವರ ಮನೆ ನನ್ನ ಮನೆಯಿಂದ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ನಾನು ಮಾಡಿದ್ದು ಬೇರೆ. ಹೆಡ್ಮಾಸ್ಟರು ಊಟಕ್ಕೆ ಎದ್ದ ಮೇಲೆ ಗೋಂದಿನ ಬಾಟಲಿ ತೆಗೆದು, ಆ ಪುಟವನ್ನು ಅದರ ಜಾಗದಲ್ಲಿ ಕೂರಿಸಿ, ಅಂಚಿಗೆ ಅಂಚು ಸೇರಿಸಿ ಅಂಟಿಸಿದೆ. ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿದೆ. ಸಂಜೆ ತೆರೆದು ನೋಡಿದರೆ ಹರಿದ ಗುರುತೇ ಇರಲಿಲ್ಲ. ಆಗ ಆ ಪುಟವನ್ನು ಮೊದಲ ಸಲ ಓದಿದೆ. ಹೆಂಗಸು ಗಿರಣಿಯ ಬಾಗಿಲು ಹಾಕಿ, ಬ್ಯಾಗು ಹಿಡಿದು, ತಾನು ಬಂದಿದ್ದ ಬಸ್ಸನ್ನೇ ಹತ್ತುತ್ತಾಳೆ. ನನಗೆ ಅದರಿಂದ ಏನೂ ಅರ್ಥವಾಗಲಿಲ್ಲ.

ಭಾನುವಾರ ಮೆಹರು ಬೀರೂರಿಗೆ ಹೋದಳು. ಹೊಲಿಗೆಯ ಯಂತ್ರ ಅಣ್ಣನ ಅಂಗಡಿಯಲ್ಲೇ ಉಳಿಯಿತು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಕಾಣುತ್ತಿತ್ತು, ಮೇಲೊಂದು ಗೋಣಿತಾಟು ಹೊದಿಸಿದ್ದರು. ನನ್ನ ಅಂಕಣ ನಿಂತಿತು. ಕಣ್ಣಿಗೆ ಪೊರೆ ಬಂದಿದೆ ಎಂದು ಪತ್ರಿಕೆಯವರಿಗೆ ಹೇಳಿದೆ. ಅವರು ಮರುಗಿ ಒಂದು ಟಿಪ್ಪಣಿ ಹಾಕಿದರು.

ಇದಾಗಿ ಒಂಬತ್ತು ವರ್ಷ. ಈ ಒಂಬತ್ತು ವರ್ಷದಲ್ಲಿ ನಾನು ಪಶ್ಚಾತ್ತಾಪದಿಂದ ನರಳುತ್ತಿದ್ದೆ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಉಂಡೆ, ಮಲಗಿದೆ, ಮಗಳ ಮದುವೆ ಮಾಡಿದೆ. ಡಬ್ಬಿಯನ್ನು ಮಾತ್ರ ಎಸೆಯಲಾಗಲಿಲ್ಲ. ಎರಡು ತಿಂಗಳ ಹಿಂದೆ ನಾನು ವಾಚನಾಲಯದ ಕೆಲಸ ಬಿಡುವ ಮಾತು ಬಂತು. ವಾಚನಾಲಯದ ಹಿರಿಯರೂ ಪತ್ರಿಕೆಯವರೂ ಸೇರಿ ಸನ್ಮಾನ ಮಾಡುತ್ತೇವೆ, ಅಂಕಣಗಳನ್ನು ಪುಸ್ತಕ ಮಾಡಿ ಅದೇ ದಿನ ಬಿಡುಗಡೆ ಮಾಡುತ್ತೇವೆ ಎಂದರು. ನಾನು ಬೇಡವೆನ್ನಲಿಲ್ಲ. ಸನ್ಮಾನಕ್ಕೆಂದು ಸೀರೆ ತೆಗೆದು, ಬ್ಲೌಸ್ ಹೊಲಿಸಲು ತಿಪಟೂರಿಗೆ ಹೋದೆ. ಯಾರೋ ಹೇಳಿದ ಅಂಗಡಿಗೆ ಹೋಗಿ ನಿಂತರೆ, ಕೊರಳಿಗೆ ಟೇಪು ಹಾಕಿಕೊಂಡು ಎದ್ದು ಬಂದವಳು ಮೆಹರು.

ಗುರುತು ಹಿಡಿದಳು. ಟೇಪು ನನ್ನ ಎದೆಯ ಸುತ್ತ ಬಂತು, ತೋಳಿಗೆ ಬಂತು, ಕೊರಳಿಗೆ ಬಂತು. ಅವಳ ಬಲಗೈಯ ಹೆಬ್ಬೆರಳು ಮಡಚುತ್ತಿರಲಿಲ್ಲ. ಟೇಪನ್ನು ಎರಡು ಬೆರಳ ಸಂದಿಯಲ್ಲಿ ಹಿಡಿಯುತ್ತಿದ್ದಳು. ಬೀರೂರಿನಿಂದ ನಾಲ್ಕು ವರ್ಷಕ್ಕೆ ಬಂದೆ, ಇದು ಚಿಕ್ಕಮ್ಮನ ಮಗನ ಅಂಗಡಿ ಎಂದಷ್ಟೇ ಹೇಳಿದಳು. ಬೀರೂರಿನ ಆ ಮನೆಯ ವಿಷಯ ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದಿದ್ದಾಳೆ.

ಏನಾದರೂ ಮಾತಾಡಬೇಕಲ್ಲ, “ಈಗೇನ್ ಓದ್ತಾ ಇದೀಯ ಮೆಹರು?” ಅಂದೆ.

“ಓದೋದು ಬುಟ್ಟೆ ಮೇಡಂ.” ಚೀಟಿಯಲ್ಲಿ ಅಳತೆ ಬರೆಯುತ್ತಲೇ ಹೇಳಿದಳು. “ಓದುದ್ರೆ ಯಾರ್ಗಾರ ಹೇಳ್ಬೇಕು ಅನ್ಸುತ್ತೆ. ಅದು ಬ್ಯಾಡ ಅಂತ.” ಆ ಚೀಟಿಯ ಹಿಂಬದಿ ಖಾಲಿಯಾಗಿತ್ತು.

ಮುಂದಿನ ಸೋಮವಾರ ಡಬ್ಬಿ ತೆಗೆದುಕೊಂಡು ಮತ್ತೆ ತಿಪಟೂರಿಗೆ ಹೋದೆ. ಅಚ್ಚಿನ ಮನೆಯಿಂದ ಬಂದಿದ್ದ ಪುಸ್ತಕದ ಪ್ರೂಫು, ಆ ಗಿರಣಿ ಹೆಂಗಸಿನ ಕಾದಂಬರಿ, ಎರಡೂ ಚೀಲದಲ್ಲಿದ್ದವು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಹೇಳಿದೆ. ದಾರಿಯಲ್ಲಿ ಜೋಡಿಸಿಕೊಂಡ ವಾಕ್ಯ ಯಾವುದೂ ಬರಲಿಲ್ಲ. “ಚೀಟಿ ಇತ್ತು ಕಣಮ್ಮ. ಎಲ್ಲ ಇದ್ವು. ನಾನು ಸುಳ್ಳು ಹೇಳ್ದೆ” ಎಂದು ಡಬ್ಬಿಯನ್ನು ಯಂತ್ರದ ಮೇಲಿಟ್ಟೆ.

ಮೆಹರು ಮುಚ್ಚಳ ತೆಗೆದು ಒಂದೊಂದೇ ಚೀಟಿ ಓದಿದಳು. ಮೊದಲು ಅಳತೆಯ ಕಡೆ ನೋಡುತ್ತಿದ್ದಳು, ಇದು ಯಾರದು ಎಂದು ನೆನಪು ಮಾಡಿಕೊಳ್ಳುತ್ತಿದ್ದಳು, ಆಮೇಲೆ ಹಿಂಬದಿ. ನಾಲ್ಕೂವರೆಗೆ ಏಳುವ ಹೆಂಗಸರ ಚೀಟಿಗೆ ನಕ್ಕಳು. ಚಿಲಕದ್ದನ್ನು ಓದಿ ಬೇಗ ಕೆಳಗೆ ಹಾಕಿದಳು. ಕೊನೆಯದನ್ನು ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ಕಾದಂಬರಿಯ ಕೊನೆಯ ಪುಟ ತೆರೆದು, ಗೋಂದು ಹಳದಿಯಾದ ಜಾಗವನ್ನು ಉಗುರಿನಲ್ಲಿ ತಡವಿದಳು.

“ಚೆನ್ನಾಗಿ ಅಂಟ್ಸಿದ್ದೀರಾ,” ಅಂದಳು. ಹೊಲಿಗೆಯವಳು ಇನ್ನೊಬ್ಬರ ಹೊಲಿಗೆ ನೋಡಿ ಹೇಳುವ ದನಿಯಲ್ಲಿ.

ಪುಸ್ತಕವನ್ನು ನಿಲ್ಲಿಸುತ್ತೇನೆ, ಅಥವಾ ಅವಳ ಹೆಸರಿನಲ್ಲೇ ತರುತ್ತೇನೆ, ಹೇಗೆ ಹೇಳಿದರೆ ಹಾಗೆ ಎಂದೆ. ಅವಳು ಬೇಡ ಎನ್ನುತ್ತಾಳೆಂದು ನನ್ನೊಳಗೆ ಎಲ್ಲೋ ಒಂದು ಆಸೆ ಇತ್ತು. ಅದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

“ನನ್ ಹೆಸ್ರೇ ಹಾಕಿ. ಮಾತು ನಂದೇ ಅಲ್ವ,” ಅಂದಳು. ನನ್ನ ತಪ್ಪನ್ನು ಮುನ್ನುಡಿಯಲ್ಲಿ ಬರೆಯಲೇ ಎಂದು ಕೇಳಿದೆ. “ಬರೀರಿ. ಅತ್ಕಂಡು ಬರೀಬ್ಯಾಡಿ.” ಆಮೇಲೆ ಪ್ರೂಫು ತೆಗೆದುಕೊಂಡು ಕೊನೆಯ ಬರಹವನ್ನು ನಿಧಾನವಾಗಿ ಪೂರ್ತಿ ಓದಿದಳು. ಒಂಬತ್ತು ವರ್ಷದ ಹಿಂದೆ ಅಣ್ಣ ಓದಿ ಹೇಳಿದ್ದನ್ನು ಕೇಳಿದ್ದಳು, ತಾನು ಓದಿರಲಿಲ್ಲವಂತೆ. ಹೆಣ್ಣಿನ ತಾಳ್ಮೆ ಇರುವ ಸಾಲಿಗೆ ಬಂದಾಗ ನಾನು ತಲೆ ತಗ್ಗಿಸಿದೆ. ಇದನ್ನು ಕಿತ್ತು ಹಾಕಿಸುತ್ತೇನೆ ಎಂದೆ.

“ಬ್ಯಾಡ. ಇರ್ಲಿ ಮೇಡಂ.” ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟಳು. “ಇದೊಂದು ನಂದಲ್ಲ. ಇದು ನಿಮ್ದು. ಇದ್ರ ಕೆಳ್ಗೆ ನಿಮ್ ಹೆಸ್ರು ಹಂಗೇ ಇರ್ಲಿ.”

ಡಬ್ಬಿಯನ್ನು ಅವಳು ಇಟ್ಟುಕೊಂಡಳು, ಕಾದಂಬರಿಯನ್ನು ವಾಪಸ್ ಕೊಟ್ಟಳು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಬ್ಲೌಸು ಗುರುವಾರ ಕೊಡುತ್ತೇನೆ ಎಂದಳು. ಸನ್ಮಾನ ಇಲ್ಲ, ಆದರೂ ಹೊಲಿ ಎಂದು ಬಂದೆ.

ಪತ್ರಿಕೆಯವರು ಈ ಮುನ್ನುಡಿ ಬೇಡ ಎನ್ನುತ್ತಿದ್ದಾರೆ. ಹಳೆಯದನ್ನು ಯಾಕೆ ಕೆದಕುತ್ತೀರಿ, ಊರಿನಲ್ಲಿ ತಲೆ ಎತ್ತಿ ತಿರುಗಬೇಕಲ್ಲ ಎನ್ನುತ್ತಾರೆ. ಇದು ಇಲ್ಲದೆ ಪುಸ್ತಕವೂ ಇಲ್ಲ ಎಂದು ಹೇಳಿದ್ದೇನೆ. ಮುಖಪುಟದಲ್ಲಿ ನನ್ನ ಹೆಸರು ಹೊಡೆದು ಹಾಕಿ ಮೆಹರುನ್ನಿಸಾ ಎಂದು ಬರೆದಿದ್ದೇನೆ. ನಲವತ್ತೆರಡು ಬರಹಗಳಲ್ಲಿ ನಾನು ಹಿಗ್ಗಿಸಿದ್ದನ್ನೆಲ್ಲ ಕಿತ್ತು, ಚೀಟಿಯಲ್ಲಿದ್ದಷ್ಟನ್ನೇ ಉಳಿಸಿದ್ದೇನೆ. ಹಾಗಾಗಿ ಪುಸ್ತಕ ತೆಳ್ಳಗಾಗಿದೆ.

ನಲವತ್ತಮೂರನೆಯದರಲ್ಲಿ ಒಂದು ಅಕ್ಷರವನ್ನೂ ಮುಟ್ಟಿಲ್ಲ. ಅದರ ಮೊದಲ ಸಾಲಿನಲ್ಲಿ ‘ಅರಿದೆ’ ಎಂದಿದೆ. ಓದುವವರು ಅದನ್ನು ಅಚ್ಚಿನ ತಪ್ಪೆಂದು ತಿಳಿಯಬಾರದು. ಆ ತಪ್ಪು ನನ್ನದು.